ಪಿನ್ನು ಮಾರದ ಅಂಗಡಿಯವನು

"ಈ ಪಿನ್ನು ನಿಮಗ ಕೊಡಂಗಿಲ್ರಿ."

ಮಿನಾಜ್ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅನುಮಾನದಿಂದ ತಲೆಯೆತ್ತಿದಳು. ರಾಯಚೂರಿನ ಸ್ಟೇಷನ್ ರಸ್ತೆಯ ಆ ಎಲೆಕ್ಟ್ರಾನಿಕ್ಸ್ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸ್ಪೀಕರ್ ತಂತಿಯ ತುದಿಗೆ ಹಾಕುವ, ಬಂಗಾರದ ಬಣ್ಣದ ದುಂಡು ಬನಾನಾ ಪಿನ್ನುಗಳು ಕಣ್ಣೆದುರೇ ಮಿನುಗುತ್ತಿದ್ದವು. ಅವನ್ನು ಕೊಡಲು ಇವನಿಗೇನು ಕಷ್ಟ?

"ಯಾಕ್ರಿ? ಮಾರಾಕ ಇಟ್ಟಿಲ್ಲೇನು?"

"ಇಟ್ಟೀನ್ರಿ. ಆದ್ರ ಮನ್ಯಾಗ ಮಾಡಿದ ಆ್ಯಂಪ್ಲಿಫೈಯರ್‌ಗೆ ಕೊಡಂಗಿಲ್ಲ." ಅಂಗಡಿಯವನು ಕಪ್ಪು ಬಣ್ಣದ ದಪ್ಪ ಕನೆಕ್ಟರ್ ಒಂದನ್ನು ಅವಳ ಮುಂದಿಟ್ಟ. "ಇದನ್ನ ಹಾಕ್ರಿ. ಒಳಗ ಇಟ್ಟು ತಿರುವಿದ್ರ ಲಾಕ್ ಆಗ್ತದ."

ಮಿನಾಜ್‌ಗೆ ಅದು ನಲ್ಲಿಯ ಮೂತಿಯಂತೆ ಕಂಡಿತು. ಇಷ್ಟು ಹೊತ್ತೂ ಅವಳು ಎಷ್ಟೊಂದು ಸಂತೋಷದಿಂದ ಅವನೊಂದಿಗೆ ಮಾತಾಡಿದ್ದಳು! ಬಡಗಿಯಾದ ಅಬ್ಬಾ ವರ್ಷಗಳ ಹಿಂದೆ ಸಾಗವಾನಿಯಲ್ಲಿ ಮಾಡಿದ ಎರಡು ಸ್ಪೀಕರ್ ಡಬ್ಬಿಗಳ ಬಗ್ಗೆ, ಅವುಗಳಿಗಾಗಿ ತಾನೇ ಬೆಸುಗೆ ಹಾಕಿ ಮಾಡುತ್ತಿರುವ ಸ್ಟೀರಿಯೊ ಬಗ್ಗೆ, ಮೊದಲ ಸಲ ಸುಟ್ಟುಹೋದ ಬೋರ್ಡಿನ ಬಗ್ಗೆ... ಅವನೂ ಕೈಕಟ್ಟಿ ಕೇಳುತ್ತಾ ನಿಂತಿದ್ದ. ಈಗ ನೋಡಿದರೆ ತುಟ್ಟಿ ಮಾಲು ಗಂಟುಹಾಕುವ ಹುನ್ನಾರ.

"ಮನ್ಯಾಗ ಸಣ್ಣ ಕೂಸು ಅದ ಅಲ್ಲೇನ್ರಿ?" ಎಂದ ಅವನು.

ಅಣ್ಣನ ಕೂಸಿನ ಮಾತು ಅವಳು ಎತ್ತಿಯೇ ಇರಲಿಲ್ಲ.

"ನಿಮಗ್ಯಾಕ ಬೇಕು ಅದು?"

ಅವನು ತಡವರಿಸಿದ. "ಹಂಗಲ್ರಿ... ಯಾವುದಕ್ಕೂ ವಿಚಾರ ಮಾಡ್ರಿ. ಮಾನ್ವಿ ಬಸ್ಸು ಈಗ ಹೊರಡೋ ಹೊತ್ತಾತು."

ಮಾನ್ವಿ... ತನ್ನ ಊರಿನ ಹೆಸರನ್ನೂ ಅವಳು ಹೇಳಿರಲಿಲ್ಲ.

ಅವಳು ಹೊರಬಂದಳು. ಪಕ್ಕದ ಬೀದಿಯ ಇನ್ನೊಂದು ಅಂಗಡಿಯಲ್ಲಿ ಅದೇ ಬಂಗಾರದ ಪಿನ್ನುಗಳನ್ನು ಕೊಂಡಳು. ಬಸ್ಸಿನಲ್ಲಿ ಕೂತ ಮೇಲೂ ಎರಡು ಸಲ ಹಿಂತಿರುಗಿ ನೋಡಿದಳು.

'ಯಾರವನು? ನನ್ನ ಮನೆಯ ಸುದ್ದಿ ಅವನಿಗೆ ಹೇಗೆ ಗೊತ್ತು?'

ಬೇರೆ ಹುಡುಗಿಯಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಆದರೆ ಮಿನಾಜ್ ಒಮ್ಮೆ ಪೆಟ್ಟು ತಿಂದವಳು. ಅವಳು ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಹೋದ ವರ್ಷ ಒಬ್ಬ ಹೆಂಗಸು ಮಗಳ ಅಡ್ಮಿಷನ್ ಕೇಳಿಕೊಂಡು ಶಾಲೆಗೆ ಬಂದು, ಇವಳೊಂದಿಗೆ ಬಹಳ ಹೊತ್ತು ಹರಟಿದ್ದಳು. ಆಮೇಲೆ ತಿಳಿಯಿತು, ಆಕೆ ಗಂಡಿನ ಕಡೆಯವಳು. 'ಹುಡುಗಿಗೆ ಬಾಯಿ ಜಾಸ್ತಿ' ಎಂದು ಹೇಳಿ ಕಳಿಸಿದ್ದರು. ಸಂಬಂಧ ತಪ್ಪಿದ್ದನ್ನು ಮಿನಾಜ್ ಮರೆತಳು. ನಗುನಗುತ್ತಾ ಮನಸ್ಸು ಬಿಚ್ಚಿದಾಗ ಎದುರಿಗಿದ್ದವರು ತನ್ನನ್ನು ತೂಗುತ್ತಿದ್ದರಲ್ಲ... ಅದನ್ನು ಮಾತ್ರ ಮರೆಯಲಾಗಿರಲಿಲ್ಲ.

ಭಾನುವಾರ ಆ್ಯಂಪ್ಲಿಫೈಯರ್ ಸಿದ್ಧವಾಯಿತು. ಹಿಂಭಾಗದಲ್ಲಿ ಎರಡು ಕೆಂಪು, ಎರಡು ಕಪ್ಪು ತೂತು. ಅವುಗಳಲ್ಲಿ ಬಂಗಾರದ ಪಿನ್ನುಗಳು. ಸ್ವಿಚ್ ಒತ್ತಿದಾಗ ಎರಡೂ ಡಬ್ಬಿಗಳಿಂದ ಕೊಳಲಿನ ದನಿ ಹೊಮ್ಮಿತು. ಅಬ್ಬಾ ಮೀರಾಹುಸೇನ ಗರಗಸ ಕೆಳಗಿಟ್ಟು ಬಂದು, ತಾನೇ ಮಾಡಿದ ಡಬ್ಬಿಯ ಮೇಲೆ ಅಂಗೈಯಿಟ್ಟು ನಿಂತರು.

"ಕಟ್ಟಿಗಿ ನಡುಗಾಕತ್ತದ ನೋಡವ್ವಾ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಅದೇ ಹೊತ್ತಿಗೆ ಅಮ್ಮಿ ಅನ್ವರಿ ಬೇಗಂ ಮೊಬೈಲ್ ಹಿಡಿದು ಬಂದರು. "ಮಿನಾಜ್, ಶುಕ್ರವಾರ ರಾಯಚೂರಿನವರು ನಿನ್ನ ನೋಡಾಕ ಬರ್ತಾರ. ಹುಡುಗನ ಫೋಟೊ ಈಗ ಬಂತು. ಮುದಸ್ಸಿರ್ ಅಂತ ಹೆಸರು. ಸ್ವಂತ ಅಂಗಡಿ ಅದ."

ಮಿನಾಜ್ ಫೋಟೊ ನೋಡಿದಳು. ಪಿನ್ನು ಮಾರದ ಅದೇ ಅಂಗಡಿಯವನು!

"ಅಮ್ಮಿ... ನನ್ನ ಫೋಟೊ ಅವರಿಗೆ ಯಾವಾಗ ಕಳಿಸಿದ್ರಿ?"

"ಹೋದ ತಿಂಗಳs ಸಂಬಂಧ ಕೂಡಿಸೋ ದಾವಲ್ ಬೀ ಒಯ್ದಾಳ. ಮನಿ ಮಂದಿ ಎಲ್ಲಾ ಇರೋ ಫೋಟೊ ಅದು. ಯಾಕ?"

ಎಲ್ಲವೂ ಅರ್ಥವಾಯಿತು. ಅವನಿಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ಗಿರಾಕಿಯಂತೆ ಮಾತಾಡಿಸಿದ. ಕೈಕಟ್ಟಿ ನಿಂತು ತೂಗಿದ. ಮತ್ತೆ ಅದೇ ತಕ್ಕಡಿ!

ಅವಳು ಅಂಗಳಕ್ಕೆ ಹೋಗಿ, ಫೋಟೊ ಜೊತೆ ಬಂದಿದ್ದ ನಂಬರಿಗೆ ಫೋನು ಮಾಡಿದಳು.

"ನಾನು ಮಿನಾಜ್. ಮಾನ್ವಿಯಿಂದ. ನಿಮಗ ಹೇಳೋದು ಬ್ಯಾಡ, ಗೊತ್ತಿರಬೇಕು."

ಅವನ ಉತ್ತರಕ್ಕೆ ಅವಳು ಕಾಯಲಿಲ್ಲ.

"ಪರೀಕ್ಷೆ ಹೆಂಗಾತ್ರಿ? ಪಾಸೋ, ಫೇಲೋ?"

"ಪರೀಕ್ಷೆ ಮಾಡಿಲ್ರಿ," ಎಂದ ಮುದಸ್ಸಿರ್. ದನಿ ಕುಗ್ಗಿತ್ತು. "ಹೇಳಬೇಕಾಗಿತ್ತು, ಹೇಳಲಿಲ್ಲ. ಅದು ತಪ್ಪು. ಆದ್ರ ಪಿನ್ನಿನ ಮಾತು ಸುಳ್ಳಲ್ಲ. ನನ್ನ ಮ್ಯಾಲ ನಂಬಿಕಿ ಇಲ್ಲಂದ್ರ ದೇವದುರ್ಗದಾಗ ನಮ್ಮ ಅಕ್ಕ, ರಂಜಾನಬಿ ಆಪಾ ಅದಾಳ, ಬಟ್ಟಿ ಹೊಲೀತಾಳ. ಆಕಿನ್ನ ಕೇಳ್ರಿ. ನಾ ಮುಂದಾಗಿ ಏನೂ ಹೇಳಿ ಇಡಂಗಿಲ್ಲ."

'ಇನ್ನೊಂದು ನಾಟಕ' ಎಂದುಕೊಂಡು ಮಿನಾಜ್ ಫೋನ್ ಕತ್ತರಿಸಿದಳು.

ಒಳಗಿನಿಂದ ಬರುತ್ತಿದ್ದ ಹಾಡು ಇದ್ದಕ್ಕಿದ್ದಂತೆ ಒಂದು ಕಡೆ ನಿಂತುಹೋಯಿತು. ಬಲಗಡೆಯ ಡಬ್ಬಿ ಮಾತ್ರ ಹಾಡುತ್ತಿತ್ತು.

ಮಿನಾಜ್ ಒಳಗೆ ಬಂದಳು. ಅಣ್ಣ ಮುಕರ್ರಂನ ಪುಟ್ಟ ಮಗಳು ಮುಸರ್ರತ್ ಗೋಡೆಯ ಬುಡದ ಸ್ವಿಚ್‌ಬೋರ್ಡಿನ ಮುಂದೆ ಕೂತಿದ್ದಳು. ಎಡಗಡೆಯ ಸ್ಪೀಕರಿನ ತಂತಿ ಕಿತ್ತು ಅವಳ ಮಡಿಲಲ್ಲಿತ್ತು. ಒಂದು ಬಂಗಾರದ ಪಿನ್ನು ಆಗಲೇ ಬೋರ್ಡಿನ ದುಂಡು ತೂತಿನೊಳಗೆ ನುಣ್ಣಗೆ ಇಳಿದಿತ್ತು. ಇನ್ನೊಂದನ್ನು ಮಗು ಬೆರಳಲ್ಲಿ ಹಿಡಿದು ಪಕ್ಕದ ತೂತು ಹುಡುಕುತ್ತಿತ್ತು.

ಮಿನಾಜ್ ಹಾರಿಹೋಗಿ ಮಗುವನ್ನು ಸೆಳೆದುಕೊಂಡಳು. ಸೆಳೆತಕ್ಕೆ ಪಿನ್ನೂ ಕಿತ್ತು ಬಂತು. ಮಗು ಹೆದರಿ ಅತ್ತಿತು. ಆ ಬೋರ್ಡಿನ ಸ್ವಿಚ್ ಆಫ್ ಆಗಿತ್ತು... ಅಲ್ಲಾಹನ ಕರುಣೆ. ಆದರೆ ಅದರ ಮೇಲೆ ಒಂದು ಪುಟ್ಟ ಬೆರಳು ಬೀಳಲು ಎಷ್ಟು ಹೊತ್ತು?

ಪಾಠ ಹೇಳುವವಳು ತಾನು. ಕರೆಂಟಿನ ಬಗ್ಗೆ ಮಕ್ಕಳಿಗೆ ಎಚ್ಚರಿಕೆ ಹೇಳುವವಳು. ಸ್ಪೀಕರಿನ ಪಿನ್ನು ಗೋಡೆಯ ತೂತಿಗೂ ಕೂಡುತ್ತದೆಂದು ಅವಳಿಗೆ ಹೊಳೆದಿರಲೇ ಇಲ್ಲ. ಅವನು ಹೇಳಲು ಬಂದಾಗ ಕೇಳಲೂ ಇಲ್ಲ.

ಅವಳು ಆ್ಯಂಪ್ಲಿಫೈಯರಿನ ತಂತಿಗಳನ್ನೆಲ್ಲಾ ಬಿಚ್ಚಿ ಅಟ್ಟದ ಮೇಲಿಟ್ಟಳು.

ಆದರೂ ಮನಸ್ಸು ಒಪ್ಪಲಿಲ್ಲ. ಪಿನ್ನಿನ ಮಾತು ನಿಜವಿರಬಹುದು. ಮನುಷ್ಯ?

ಮರುದಿನ ಶಾಲೆಗೆ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದಳು. ರಂಜಾನಬಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. 'ರವಿಕೆಗೆ ಅಳತೆ ಕೊಡಬೇಕು' ಎಂದು ಸುಳ್ಳು ಹೇಳಿ ಒಳಗೆ ಕೂತಳು. ಕೂತ ಮೇಲೆ ನಾಚಿಕೆಯಾಯಿತು. ಅಂದು ಶಾಲೆಗೆ ಬಂದ ಹೆಂಗಸು ಮಾಡಿದ್ದೂ ಇದನ್ನೇ ಅಲ್ಲವೇ?

"ಆಪಾ, ಸುಳ್ಳು ಹೇಳಿದೆ," ಎಂದಳು. "ನಾನು ಮಾನ್ವಿಯ ಮಿನಾಜ್. ನಿಮ್ಮ ತಮ್ಮನ ಬಗ್ಗೆ ಕೇಳಾಕ ಬಂದೀನಿ."

ರಂಜಾನಬಿ ಹೊಲಿಗೆ ಯಂತ್ರ ನಿಲ್ಲಿಸಿ ಅವಳನ್ನೇ ನೋಡಿದಳು. ಆಮೇಲೆ ಬಲಗೈ ಮುಂದೆ ಚಾಚಿದಳು. ಎರಡು ಬೆರಳು ಮಡಚುತ್ತಿರಲಿಲ್ಲ. ಅಂಗೈ ತುಂಬಾ ಹಳೆಯ ಸುಟ್ಟ ಕಲೆ.

"ನಮ್ಮ ಅಬ್ಬಾನೂ ಮನ್ಯಾಗ ಒಂದು ಆ್ಯಂಪ್ಲಿಫೈಯರ್ ಮಾಡಿದ್ದರು. ಸ್ಪೀಕರ್ ತಂತಿಗೆ ಇಂಥವs ದುಂಡು ಪಿನ್ನು. ನಾನು ಸಣ್ಣಾಕಿ... ಹಾಡು ಬರಲಿ ಅಂತ ಪಿನ್ನು ಒಯ್ದು ಗ್ವಾಡಿ ಬೋರ್ಡಿಗೆ ಚುಚ್ಚಿದೆ. ಇನ್ನೊಂದು ತುದಿ ಬರೇ ತಂತಿ, ನನ್ನ ಕೈಯಾಗಿತ್ತು. ಮುದಸ್ಸಿರ್ ಅಲ್ಲೇ ಬಾಜೂಕ ಕುಂತಿದ್ದ. ಕಟ್ಟಿಗಿ ಸ್ಟೂಲಿನಿಂದ ತಂತಿಗೆ ಹೊಡೆದು ಬಿಡಿಸಿದವ ಅವನs."

ಮಿನಾಜ್ ಆ ಮಡಚದ ಬೆರಳುಗಳನ್ನು ಮೆಲ್ಲಗೆ ಮುಟ್ಟಿದಳು.

"ಮಕ್ಕಳಿರೋ ಮನಿಗೆ ಅವ ಆ ಪಿನ್ನು ಮಾರಂಗಿಲ್ಲ. ಗಿರಾಕಿ ಬೈದ್ರೂ ಮಾರಂಗಿಲ್ಲ." ರಂಜಾನಬಿ ನಕ್ಕಳು. "ನೀ ಅಂಗಡಿಗಿ ಹೋದ ದಿನ ನನಗ ಫೋನು ಮಾಡಿದ್ದ. 'ಆಪಾ, ಆ ಹುಡುಗಿ ಬಂದಿದ್ದಳು, ನಾ ಯಾರಂತ ಹೇಳಲಿಲ್ಲ' ಅಂದ. ನಾ ಬೈದೆ. 'ಇವತ್ತs ನಿನ್ನ ಫೋಟೊ ಅವರಿಗೆ ಕಳಿಸು, ಮುಚ್ಚಿಟ್ಟು ಲಗ್ನ ಆಗಬ್ಯಾಡ' ಅಂದೆ. ದಾವಲ್ ಬೀ ಕಳಿಸಾಕ ತಡ ಮಾಡಿದಳು, ಅಷ್ಟs."

ಮಧ್ಯಾಹ್ನದ ಬಿಸಿಲಲ್ಲಿ ಮಿನಾಜ್ ರಾಯಚೂರಿನಲ್ಲಿ ಇಳಿದಳು. ಮುದಸ್ಸಿರ್ ಒಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ.

"ನಮ್ಮ ಮುಸರ್ರತ್ ಪಿನ್ನು ಬೋರ್ಡಿಗೆ ಹಾಕಿದ್ದಳು," ಎಂದಳು.

ಅವನ ಮುಖದ ಬಣ್ಣವೇ ಇಳಿಯಿತು. "ಕೂಸು..."

"ಆರಾಮ ಅದ. ಸ್ವಿಚ್ ಆಫ್ ಇತ್ತು."

ಅವನು ಗೋಡೆಗೆ ಕೈಯೂರಿ ಉಸಿರುಬಿಟ್ಟ. ಆ ಉಸಿರಿನಲ್ಲಿ ನಾಟಕವಿರಲಿಲ್ಲ.

"ಪಿನ್ನಿಂದು ತಿಳೀತು. ನೀವು ಯಾರಂತ ಯಾಕ ಹೇಳಲಿಲ್ಲ? ಅದನ್ನ ಹೇಳ್ರಿ."

ಅವನು ತಲೆತಗ್ಗಿಸಿದ. "ಹೇಳಿದ್ರ ನೀವು ಮಾತು ನಿಲ್ಲಸ್ತಿದ್ರಿ. ಬೋರ್ಡು ಸುಟ್ಟದ್ದು, ನಿಮ್ಮ ಅಬ್ಬಾನ ಡಬ್ಬಿ... ಅಷ್ಟು ಖುಷಿಲೆ ಯಾರೂ ನನ್ನ ಮುಂದ ಮಾತಾಡಿಲ್ರಿ. ಇನ್ನೊಂದು ಸ್ವಲ್ಪ ಕೇಳೋಣು ಅನಿಸ್ತು. ಆಮ್ಯಾಲ ಹೇಳೋ ಹೊತ್ತು ಮೀರಿತು."

'ಬಾಯಿ ಜಾಸ್ತಿ' ಎಂದ ಲೋಕದಲ್ಲಿ, ಇನ್ನೂ ಸ್ವಲ್ಪ ಕೇಳೋಣ ಎಂದವನು...

ಮಿನಾಜ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

"ಆ ಕರಿ ಕನೆಕ್ಟರ್ ಕೊಡ್ರಿ, ಗ್ವಾಡಿ ತೂತಿಗೆ ಕೂಡಂಗಿಲ್ಲ ಅದು. ಎರಡೂ ಕಡೆಗಿ ಬೇಕು. ಶುಕ್ರವಾರ ನೀವು ಬರೋದ್ರಾಗ ಕೂಡಿಸಿರ್ತೀನಿ."

"ಬರ್ಲೇನ್ರಿ, ಹಂಗಾದ್ರ?"

"ಬರ್ರಿ. ಆದ್ರ ಇನ್ನ ಮ್ಯಾಲ ನನ್ನ ಬಗ್ಗೆ ಏನು ತಿಳಕೋಬೇಕಂದ್ರೂ ನನ್ನನ್ನs ಕೇಳಬೇಕು. ಫೋಟೊ ನೋಡಿ, ದಾವಲ್ ಬೀನ್ನ ಕೇಳಿ ಅಲ್ಲ. ನಾನೂ ಹಂಗs. ದೇವದುರ್ಗಕ್ಕ ಹೋಗಂಗಿಲ್ಲ."

ಮುದಸ್ಸಿರ್ ಕನೆಕ್ಟರುಗಳ ಪೊಟ್ಟಣ ಕಟ್ಟಿ ಅವಳ ಮುಂದಿಟ್ಟ. "ಈಗs ಒಂದು ಕೇಳಲೇನ್ರಿ?"

ಮಿನಾಜ್ ನೆಟ್ಟಗೆ ನಿಂತಳು. "ಕೇಳ್ರಿ."

"ಊಟ ಆತೇನು?"

ಅವಳು ಏನೇನೋ ಪ್ರಶ್ನೆಗೆ ಸಿದ್ಧವಾಗಿದ್ದಳು. ಇದಕ್ಕೆ ಸಿದ್ಧವಿರಲಿಲ್ಲ.

"ಮುಂಜಾನಿಯಿಂದ ಏನೂ ತಿಂದಿಲ್ಲ," ಎಂದಳು ಮೆಲ್ಲಗೆ.

ಅವನು ಬಾಗಿಲು ಹಾರುಹೊಡೆದ ಅಂಗಡಿಯಲ್ಲಿ, ಬೀದಿಯ ಕಣ್ಣೆದುರೇ, ತನ್ನ ಊಟದ ಡಬ್ಬಿ ಬಿಚ್ಚಿ ರೊಟ್ಟಿಯನ್ನು ಎರಡು ಪಾಲು ಮಾಡಿದ.

"ಪುಂಡಿಪಲ್ಯ. ಖಾರ ಭಾಳ ಅದ."

"ಇರ್ಲಿ," ಎಂದು ಮಿನಾಜ್ ಸ್ಟೂಲು ಎಳೆದುಕೊಂಡು ಕೂತಳು. "ನೀರು ನಿಮ್ಮ ಕಡೆ ಅದಾವಲ್ಲ."