ಸ್ಟಾಫ್‌ರೂಮಿನ ಪ್ಲೈವುಡ್ ಗೋಡೆ

ಸೋಮವಾರ ಬೆಳಿಗ್ಗೆ ಕೆಮಿಸ್ಟ್ರಿ ಟೀಚರ್ ಸ್ಟಾಫ್‌ರೂಮಿಗೆ ಕಾಲಿಟ್ಟಾಗ, ಅವಳ ಮೇಜಿಗೂ ಮ್ಯಾಥ್ಸ್ ಮೇಷ್ಟ್ರ ಮೇಜಿಗೂ ನಡುವೆ ಆಳೆತ್ತರದ ಪ್ಲೈವುಡ್ ಗೋಡೆ ಎದ್ದಿತ್ತು.

"ಮೇಷ್ಟ್ರೇ ಆಫೀಸಿಗೆ ಬರೆದುಕೊಟ್ಟು ಹಾಕಿಸಿದ್ದಂತೆ," ಎಂದಳು ಆಯಾ, ಮರದ ಪುಡಿ ಗುಡಿಸುತ್ತಾ.

ಟೀಚರ್ ಚೀಲ ಇಳಿಸದೆ ಆ ಹಲಗೆಯನ್ನೇ ನೋಡಿದಳು. ಗಂಡನಿಂದ ಬೇರೆಯಾಗಿ ಮೂರು ವರ್ಷ. ಅಂದಿನಿಂದ ಸ್ವಂತ ಅಕ್ಕನೇ ನಾಲ್ಕು ಜನರೆದುರು ಅವಳ ಪಕ್ಕ ಕೂರಲು ಹಿಂಜರಿಯುತ್ತಿದ್ದಳು. ಕುರ್ಚಿ ದೂರ ಸರಿಸದವನು ಪಕ್ಕದ ಮೇಜಿನ ಇವನೊಬ್ಬನೇ ಎಂದುಕೊಂಡಿದ್ದಳು. ಪೇಪರ್ ತಿದ್ದುತ್ತಾ ಕನ್ನಡಕದ ಮೇಲಿಂದ ಕದ್ದು ನೋಡುವುದು, ಸಿಕ್ಕಿಬಿದ್ದರೆ ಕೈಯಲ್ಲೇ ಇರುವ ಪೆನ್ನಿನ ಕ್ಯಾಪ್ ಹುಡುಕುವುದು, ಎಲ್ಲ ಅವಳಿಗೆ ಗೊತ್ತಿತ್ತು. ಇಷ್ಟವೂ ಆಗಿತ್ತು.

ಮೂರನೇ ಪೀರಿಯಡ್ಡಿಗೆ ಅವಳು ಲ್ಯಾಬಿನಲ್ಲಿ ಒಬ್ಬಳೇ ಮರಳು ಬೆರೆತ ಉಪ್ಪುನೀರು ಸೋಸುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ.

"ನನ್ನ ಪಕ್ಕ ಕೂತ್ರೆ ಏನು ಅಂಟುತ್ತೆ ಅಂತ ಗೋಡೆ ಹಾಕಿಸಿದ್ರಿ?" ತಲೆಯೆತ್ತದೆ ಕೇಳಿದಳು.

"ಫಿಸಿಕ್ಸ್ ಮೇಡಂ ನಿಮ್ಮ ಬಗ್ಗೆ ಏನೇನೋ ಆಡ್ಕೋತಿದ್ರು. ಕದ್ದು ನೋಡಿದ್ದು ನಾನು, ಮಾತು ಬಂದಿದ್ದು ನಿಮಗೆ. ಅಡ್ಡ ಒಂದು ಮರೆ ಇದ್ರೆ ಬಾಯಿ ಮುಚ್ಕೋತಾರೆ ಅಂದ್ಕೊಂಡೆ."

"ಊರ ಬಾಯಿಗೆ ಪ್ಲೈವುಡ್ ಮುಚ್ಚಳನಾ? ನನ್ನನ್ನ ಒಂದು ಮಾತು ಕೇಳಿದ್ರಾ?"

"ಇಲ್ಲ."

"ನನ್ನ ಗಂಡ ಅನ್ನಿಸ್ಕೊಂಡವರೂ ಕೇಳ್ತಿರಲಿಲ್ಲ. ನನ್ನ ಒಳ್ಳೇದಕ್ಕೆ ಅಂತ ಎಲ್ಲಾ ಅವರೇ ತೀರ್ಮಾನ ಮಾಡೋರು. ಅದಕ್ಕೇ ಬಿಟ್ಟು ಬಂದೆ."

ಅವನ ಮುಖ ಸಪ್ಪಗಾಯಿತು. ಸೋಸುಕಾಗದದಿಂದ ತಿಳಿನೀರು ತೊಟ್ಟಿಕ್ಕುತ್ತಿತ್ತು. ಅವನು ಒಳಗೆ ಬಂದು ಅದರತ್ತ ಬಾಗಿದ.

"ನಿಮ್ಮ ಸಬ್ಜೆಕ್ಟಲ್ಲಿ ಬೇರ್ಪಡಿಸೋದು ಇಷ್ಟು ಸುಲಭ," ಎಂದ ಮೆಲ್ಲಗೆ. "ನಮ್ಮ ಮ್ಯಾಥ್ಸಲ್ಲಿ ಎರಡು ಬಿಂದು ಬೇರೆ ಅನ್ಬೇಕಾದ್ರೆ ನಡುವೆ ಕೂದಲೆಳೆಯಷ್ಟಾದ್ರೂ ದೂರ ತೋರಿಸ್ಬೇಕು. ಬೆಳಿಗ್ಗೆಯಿಂದ ಆ ಹಲಗೆ ನೋಡ್ತಾ ಕೂತಿದೀನಿ. ನಂಗೆ ಅಷ್ಟು ದೂರಾನೂ ಬೇಡ ಅನ್ಸುತ್ತೆ. ತಡವಾಯ್ತು, ಆದ್ರೂ ಈಗ ಕೇಳ್ತಿದೀನಿ. ನಿಮಗೆ?"

ಅವಳು ತುಟಿಯಂಚಿನ ನಗು ಕಾಣದಿರಲೆಂದು ಬೀಕರ್ ತೊಳೆಯಲು ಅತ್ತ ತಿರುಗಿದಳು.

ಊಟದ ಬಿಡುವಿನಲ್ಲಿ ಸ್ಟಾಫ್‌ರೂಮ್ ತುಂಬಿತ್ತು. ಅವಳು ತನ್ನ ಕುರ್ಚಿಯನ್ನು ದರದರ ಎಳೆದುಕೊಂಡು ಹಲಗೆಯ ಆ ಬದಿಗೆ ಹೋಗಿ ಅವನ ಪಕ್ಕಕ್ಕೆ ಹಾಕಿದಳು. ಫಿಸಿಕ್ಸ್ ಮೇಡಂ ಕೈಯ ಚಮಚ ಡಬ್ಬಿಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

"ಸ್ವಲ್ಪ ಸರೀರಿ."

ಅವನು ನೋಟ್‌ಬುಕ್ಕುಗಳ ರಾಶಿ ಆಚೆ ತಳ್ಳಿದ. "ಎಲ್ರೂ ನೋಡ್ತಿದಾರೆ."

"ನೋಡ್ಲಿ. ಆದ್ರೆ ಮದುವೆ ಗಿದುವೆ ಅಂತ ನೀವೊಬ್ರೇ ತೀರ್ಮಾನ ಮಾಡ್ಬಿಡ್ಬೇಡಿ. ಕೂತು ಮಾತಾಡೋಣ, ನಿಧಾನಕ್ಕೆ."

"ದಿನಾ?"

"ಭಾನುವಾರ ಬಿಟ್ಟು," ಎಂದಳು. ಡಬ್ಬಿ ತೆರೆದು, ಅವನಿಗೊಬ್ಬನಿಗೇ ಕೇಳುವಂತೆ ಸೇರಿಸಿದಳು, "ಭಾನುವಾರ ಮನೆಗೇ ಬನ್ನಿ. ಸಂಜೆ ನಾಲ್ಕಕ್ಕೆ."