ಎರೆಹೊಲದಲ್ಲಿ ಮೂಕವಾದ ಕೋಲು

ಯಂಕಂಚಿಯ ಡಾಂಬರು ರಸ್ತೆಯಿಂದ ಹೊರಟು, ಹಳ್ಳ ದಾಟಿ, ಗುಡ್ಡದ ಮೇಲಿನ ಹೊಲದ ಮನೆ ಮುಟ್ಟಬೇಕು. ಯಾರ ಕೈಯನ್ನೂ ಹಿಡಿಯಬಾರದು. ಹಾಗೆ ಬಂದರೆ ಮಾತ್ರ ಕಣ್ಣು ಕಾಣದ ಮಗಳು ಜಯಮಾಲಾಳನ್ನು ವಿಜಯಪುರದ ಕಂಪ್ಯೂಟರ್ ತರಬೇತಿಗೆ ಕಳಿಸುವುದಾಗಿ ತಂದೆ ಖಂಡೆಪ್ಪ ಹೇಳಿದ್ದ.

ಹದಿನೆಂಟರ ಜಯಮಾಲಾ ಮುಂದೆ, ಅವಳಂತೆಯೇ ದೃಷ್ಟಿಯಿಲ್ಲದ ಗೆಳೆಯ ಸೋಮನಿಂಗ ಹಿಂದೆ. ಇಬ್ಬರ ಕೈಯಲ್ಲೂ ಬಿಳಿ ಕೋಲು. ಕೋಲು ಹಿಡಿದು ನಡೆಯಲು ಕಲಿಸಿದ ರೇಣುಕಾ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಾಯಿ ಮುಚ್ಚಿಕೊಂಡು ಬರಬೇಕು. ಅದೂ ಖಂಡೆಪ್ಪನ ಕರಾರೇ.

ಹಿಂದಿನ ದಿನ ಮಳೆಯಾಗಿತ್ತು. ಕಣ್ಣು ಹಾಯುವಷ್ಟು ದೂರ ಕರಿ ಎರೆಮಣ್ಣು, ನಡುನಡುವೆ ಜಾಲಿಗಿಡ, ಆಗಷ್ಟೇ ಮೊಳೆತ ಜೋಳ. ಇಳಿಜಾರಿಗೆ ಅಡ್ಡವಾಗಿ ಬಿತ್ತಿದ ಸಾಲುಗಳು ಹಳ್ಳದ ಎರಡೂ ಬದಿಗೆ ಮೆಟ್ಟಿಲಿನಂತೆ ಇಳಿದಿದ್ದವು.

ನೂರು ಹೆಜ್ಜೆಗೆ ಕೋಲಿನ ತುದಿ ಮಣ್ಣಿನ ಮುದ್ದೆಯಾಯಿತು.

"ಅಕ್ಕಾರ, ಕೋಲು ಮಾತಾಡವಲ್ದರಿ!" ಜಯಮಾಲಾ ಕೂಗಿದಳು.

ರೇಣುಕಾ ಕಲಿಸಿದ್ದೆಲ್ಲ ಕೋಲು ಟಕ್ ಟಕ್ ಎನ್ನುವ ಕಲ್ಲುಹಾಸಿನ ಮೇಲೆ. ಹಸಿ ಎರೆಯ ಯೋಚನೆಯೇ ಬಂದಿರಲಿಲ್ಲ.

"ಅಕ್ಕಾರ ಬಾಯಿಗಿ ಬೀಗ ಬಿದ್ದೈತಿ," ಸೋಮನಿಂಗ ನಕ್ಕ. "ನಡಿಯವಾ, ನನ್ನ ಕೋಲೂ ಮೂಕ ಆಗೇತಿ."

ಹಳ್ಳದ ಸದ್ದು ಎಲ್ಲ ದಿಕ್ಕಿನಿಂದಲೂ ಬಂತು. ತಡವರಿಸಿ, ಹಳ್ಳಕ್ಕೆ ಅಡ್ಡ ಹಾಕಿದ ಗಟ್ಟೆ ಹಿಡಿದು ಜಯಮಾಲಾ ದಾಟಿದಳು. ಹಿಂದೆ ಸೋಮನಿಂಗ ಧಡ್ ಎಂದು ಗಟ್ಟೆಯಿಂದ ಬಿದ್ದ ಸದ್ದಾಯಿತು.

"ಜಯಾ! ಕೆಸರು ಎಳ್ಯಾಕತ್ತೈತಿ! ಕೋಲು ಹೋತು!"

ರೇಣುಕಾ ಓಡಿದಳು. ಎರೆ ಅವಳ ಕಾಲನ್ನು ಮೊಣಕಾಲಿನವರೆಗೆ ನುಂಗಿತು. ಕೂಗಿದಳು, ಕಾಲು ಕಿತ್ತಳು, ಬಿದ್ದಳು.

ಜಯಮಾಲಾ ಗಟ್ಟೆಯ ಮೇಲೆ ಬೋರಲು ಮಲಗಿ ಕೈ ಚಾಚಿದಳು.

"ಕೈ ಹಿಡದರ ನಿಮ್ಮಪ್ಪ..."

"ಸುಮ್ನ ಹಿಡಿ!"

ಮೂರನೇ ಎಳೆತಕ್ಕೆ ಅವನು ಮೇಲೆ ಬಂದ. ಅವಳು ಚಪ್ಪಲಿ ಕಳಚಿ ಅಂಗಾಲಿನಿಂದ ಜೋಳದ ಸಾಲು ಹುಡುಕಿದಳು. "ಸಾಲು ಅಡ್ಡ ದಾಟ್ಕೊಂತ ಏರೂಣು. ಮನಿ ಮ್ಯಾಲೈತಿ."

ಎರಡು ಸಲ ಜಾಲಿಮುಳ್ಳಿಗೆ ಸಿಕ್ಕರು. ಕೆಸರಿನಿಂದ ಬಿಡಿಸಿಕೊಂಡ ರೇಣುಕಾ ಮನೆ ಮುಟ್ಟುವಾಗ ಇಬ್ಬರೂ ಅಂಗಳದಲ್ಲಿದ್ದರು. ಇನ್ನೂ ಕೈ ಬಿಟ್ಟಿರಲಿಲ್ಲ.

"ಕೈ ಹಿಡಕೊಂಡ ಬಂದಿ," ಎಂದ ಖಂಡೆಪ್ಪ.

"ಹೌದಪ್ಪಾ. ಇಂವನ್ನ ಬಿಟ್ಟು ಬರಾಕ ಆಗಲಿಲ್ಲ. ಕರಾರು ಮುರದೆ."

ಖಂಡೆಪ್ಪ ಎಂದಿನಂತೆ ಮಗಳ ಮುಂಗೈ ಹಿಡಿಯಲು ಮುಂದೆ ಬಂದ. ಬಂದವನು ಅರ್ಧಕ್ಕೇ ನಿಂತು, ಕೈ ಹಿಂದಕ್ಕೆಳೆದುಕೊಂಡ.

"ನಿನ್ನ ಬಲಕ್ಕ ನಾಕು ಹೆಜ್ಜಿಗೆ ನೀರಿನ ಕೊಡ ಐತಿ," ಎಂದ. "ಕಾಲು ತೊಳಕೊ. ಇದ ಕೆಸರಗಾಲಿಲೆ ವಿಜಯಪುರಕ ಹೋಗ್ತಿಯೇನು?"