ಜೋಡಿ ಬಿಡಿಸುವ ಶನಿವಾರ

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸುವುದೊಂದೇ ನನಗೆ ಗೊತ್ತು. ಪ್ರೇಮದ ಕಥೆಗೆ ಚೆಂದದ ಕೈ ಬೇಕು. ನನ್ನದು ಸಿಗರೇಟಿನ ವಾಸನೆ ಹತ್ತಿದ ಕೈ. ಸಂಜೆ ಕಾಲೇಜಿನಲ್ಲಿ ಕಲಿತ ನಾಲ್ಕಕ್ಷರ ನಂಬಿಕೊಂಡು ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು. ಅಕ್ಕನ ಮನೆಯಲ್ಲಿ ವಾಸ. ನಾನು ಸೇದುವುದು ಅಕ್ಕನಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಇನ್ನಾದರೂ ಬಿಡಬೇಕೆಂದು, ಸಮುದಾಯ ಭವನದಲ್ಲಿ ಶನಿವಾರ ಸಂಜೆ ಸೇರುವ ಗುಂಪಿಗೆ ಹೋದೆ. ಹೋದವಳು ಒಳಗೆ ಕಾಲಿಡಲಾರದೆ ಬಾಗಿಲಲ್ಲೇ ನಿಂತುಬಿಟ್ಟೆ.

ಆಗ ಮೆಟ್ಟಿಲು ಹತ್ತಿ ಬಂದವರು ಅವರು. ಲಿಫ್ಟ್ ರಿಪೇರಿ ಮಾಡುವವರು. ತೋಳಿನ ತುಂಬ ಗ್ರೀಸಿನ ಕಲೆ. ನನ್ನನ್ನು ಕಂಡದ್ದೇ ಶಾಲೆಯ ಹುಡುಗನಂತೆ ಕೈಕಟ್ಟಿದರು.

"ಸಿಸ್ಟರ್, ನಿಜ ಹೇಳ್ಬಿಡ್ತೀನಿ. ಬೆಳಿಗ್ಗೆ ಒಂದು ಎಳೆದೆ. ಅದೇ ಕೊನೇದು, ನಮ್ಮಮ್ಮನಾಣೆ."

"ಸಿಗರೇಟು ಎಳೆದಿದ್ದು ಸಾಲ್ದು ಅಂತ ಅಮ್ಮನ್ನ ಬೇರೆ ಎಳೀತೀರಾ?" ಎಂದೆ, ಗಂಭೀರವಾಗಿ.

ಒಳಗೆ ಹೋಗಿ ಅವರ ಪಕ್ಕದ ಕುರ್ಚಿಯಲ್ಲೇ ನಾನೂ ಕೂತಾಗ ಅವರ ಕಿವಿ ಕೆಂಪಾದದ್ದನ್ನು ನೋಡಬೇಕಿತ್ತು.

"ನೀವೂನಾ?"

"ನಾನೂನೇ."

ನಾಚಿಕೆಯಿಂದ ನನ್ನ ಮುಖ ಸುಡುತ್ತಿತ್ತು. ಹೆಂಗಸು ಸೇದುತ್ತಾಳೆ ಎಂದು ಅವರು ಮುಖ ತಿರುಗಿಸಲಿಲ್ಲ. ಎದ್ದು ಹೋಗಿ, ಟೇಬಲ್ ಫ್ಯಾನನ್ನು ನನ್ನ ಕಡೆಗೆ ತಿರುಗಿಸಿ ಬಂದರು. ನನಗೆ ಅಷ್ಟು ಸಾಕಾಯಿತು.

ಗುಂಪು ನಡೆಸುತ್ತಿದ್ದ ನಿಜವಾದ ಸಿಸ್ಟರ್, ಆಸ್ಪತ್ರೆಯ ನರ್ಸ್, ಎಲ್ಲರನ್ನೂ ಜೋಡಿ ಮಾಡಿದರು. ಸೇದಬೇಕೆನಿಸಿದಾಗ ಜೋಡಿಗೆ ಫೋನ್ ಮಾಡಬೇಕು. ಆಸೆ ಇಳಿಯುವ ತನಕ ಆ ಕಡೆಯವರು ಮಾತಾಡುತ್ತಲೇ ಇರಬೇಕು. ಏನು ಬೇಕಾದರೂ ಮಾತಾಡಬಹುದು, ಸಿಗರೇಟಿನ ಸುದ್ದಿ ಮಾತ್ರ ಎತ್ತಬಾರದು. ನನ್ನ ಪಾಲಿಗೆ ಲಿಫ್ಟಿನವರೇ ಬಂದರು. ಒಂದು ದಿನ ನಾನು ಅಂಗಡಿಯಲ್ಲಿದ್ದಾಗ ಅವರ ಫೋನ್ ಬಂತು.

"ಎಲ್ಲಿದ್ದೀರಿ?"

"ಎರಡು ಫ್ಲೋರ್ ಮಧ್ಯೆ. ಮೇಲೂ ಇಲ್ಲ, ಕೆಳಗೂ ಇಲ್ಲ. ತ್ರಿಶಂಕು."

"ಒಳಗೆ ಯಾರಾದ್ರೂ ಸಿಕ್ಕಾಕ್ಕೊಂಡಿದಾರಾ?"

"ಒಬ್ರು ಅಜ್ಜಿ. ಬಯ್ತಿದಾರೆ, ಕೇಳಿಸ್ತಿಲ್ವಾ?"

"ಮೊದ್ಲು ಅವ್ರನ್ನ ಇಳ್ಸಿ ಪುಣ್ಯಾತ್ಮ!"

"ಮೊದ್ಲು ನನ್ನ ಆಸೆ ಇಳೀಲಿ, ಆಮೇಲೆ ಅಜ್ಜಿ."

ನಾನು ನಗುತ್ತಿದ್ದೆ. "ಗಾಜು ನೋಡಿ ನಗೋಳನ್ನ ಇದೇ ಮೊದಲು ನೋಡ್ತಿರೋದು" ಎಂದು ಅಂಗಡಿಯ ಯಜಮಾನರು ಗೊಣಗಿದರು. ಲಿಫ್ಟಿನವರ ಫೋನಿಗಾಗಿ ಕಾಯುತ್ತಿದ್ದೆ ಎಂದು ಹೇಳಲೂ ನಾಚಿಕೆ. ಅವರ ಚಟ ಬಿಡಲಿ ಎಂದು ಹಾರೈಸಬೇಕಾದವಳು ನಾನು. ಮನಸ್ಸು ಮಾತ್ರ ಇನ್ನೊಂದು ಸಲ ಆಸೆಯಾಗಲಿ ಎನ್ನುತ್ತಿತ್ತು.

ಪ್ರತಿ ಶನಿವಾರ ಸಿಸ್ಟರ್ ಒಂದು ಪುಟ್ಟ ಯಂತ್ರ ಹಿಡಿದು ಎಲ್ಲರಿಂದ ಊದಿಸುತ್ತಿದ್ದರು. ಉಸಿರಿನಲ್ಲಿ ಹೊಗೆಯ ವಿಷವಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ನಮ್ಮಿಬ್ಬರದೂ ವಾರದಿಂದ ವಾರಕ್ಕೆ ಹಸಿರೇ ಬರತೊಡಗಿತು.

"ಬರೋ ವಾರ ಹೊಸಬರು ಬರ್ತಾರೆ" ಎಂದರು ಸಿಸ್ಟರ್. "ಹಸಿರು ಬಂದವರ ಜೋಡಿ ಬಿಡಿಸ್ತೀನಿ, ತಲಾ ಒಬ್ಬ ಹೊಸಬರನ್ನ ನೋಡ್ಕೊಳ್ಳಿ. ನೀವಿಬ್ರೂ ಇಲ್ಲೇ ಪಕ್ಕದ ಸ್ಕೂಲಿಗೂ ಬನ್ನಿ. ಶುರು ಮಾಡ್ಲೇಬೇಡಿ ಅಂತ ಮಕ್ಕಳಿಗೆ ನಿಮ್ಮ ಬಾಯಿಂದಾನೇ ಹೇಳಿ."

ಅದು ಅಕ್ಕನ ಮಗಳು ಓದುವ ಶಾಲೆ. ಆ ಮಗುವಿನ ಮುಂದೆ ತಲೆಯೆತ್ತಿ ನಿಲ್ಲುವುದು ನನ್ನ ಬಹಳ ದಿನದ ಕನಸು. ಆದರೂ ಆ ಸಂಜೆ ನನಗೆ ಕೇಳಿಸಿದ್ದು ಒಂದೇ ಮಾತು: ಜೋಡಿ ಬಿಡಿಸ್ತೀನಿ.

ಮುಂದಿನ ಶನಿವಾರ ಮಧ್ಯಾಹ್ನ ನನ್ನ ಜೋಡಿಯ ಫೋನ್ ಬಂತು. ದನಿ ಕುಗ್ಗಿತ್ತು.

"ಸೋತೆ. ಬೆಳಿಗ್ಗೆಯಿಂದ ಸೇದ್ತಾನೇ ಇದೀನಿ."

ಪರವಾಗಿಲ್ಲ, ಬಿದ್ದವರೇ ಅಲ್ಲವೇ ಏಳುವುದು ಎಂದೆಲ್ಲ ಸಮಾಧಾನ ಹೇಳಿ ಫೋನಿಟ್ಟೆ. ಅವರಿಗೇ ಆಗದ್ದು ನನ್ನಿಂದ ಆದೀತೇ? ಮೂಲೆಯಂಗಡಿಗೆ ಹೋದೆ. ಒಂದಕ್ಕೆ ನಿಲ್ಲಲಿಲ್ಲ. ಕೊನೆಯದನ್ನು ಭವನದ ಗೇಟಿನ ಬಳಿಯೇ ಮುಗಿಸಿ ಒಳಗೆ ಹೋದೆ.

ಮೊದಲು ಅವರು ಊದಿದರು. ಹಸಿರು.

"ಸೇದ್ಬಿಟ್ಟೆ ಅಂತ ಈಗ ತಾನೆ ಹೇಳಿದ್ರಲ್ಲ?" ಸಿಸ್ಟರ್ ಹುಬ್ಬೇರಿಸಿದರು.

"ಸಿಸ್ಟರ್, ಯಂತ್ರಕ್ಕೂ ವಯಸ್ಸಾಯ್ತು, ನನ್ ಟ್ರಂಪೆಟ್ ಥರ" ಎಂದರು ನಮ್ಮ ಗುಂಪಿನಲ್ಲಿದ್ದ ಬ್ಯಾಂಡ್ ಸೆಟ್ಟಿನ ಅಂಕಲ್. ಎಲ್ಲರೂ ನಕ್ಕರು.

ಆಮೇಲೆ ನಾನು. ಕೆಂಪು.

ಯಾರೂ ನಗಲಿಲ್ಲ. ನಾನು ನೆಲ ನೋಡುತ್ತಿದ್ದೆ. ತಲೆಯೆತ್ತಿದಾಗ ಅವರ ಮುಖ ಬಿಳಿಚಿಕೊಂಡಿತ್ತು.

ನಾನು ಹೊರಗೆ ಹೋದಾಗ ಅವರು ಕಾಂಪೌಂಡ್ ಗೋಡೆಯ ಬಳಿ ಓಡಿಬಂದು ನಿಂತರು.

"ನಾನು ಸೇದಿರ್ಲಿಲ್ಲ. ಸುಳ್ಳು ಹೇಳ್ದೆ. ಸೇದಿದ್ರೆ ಜೋಡಿ ಬಿಡಿಸಲ್ಲ ಅಂದ್ಕೊಂಡೆ. ಯಂತ್ರ ಒಂದಿದೆ ಅನ್ನೋದೇ ಮರೆತೋಯ್ತು."

"ನಂಗೆ ಫೋನ್ ಮಾಡೋಕೆ ನಿಮಗೆ ಸಿಗರೇಟೇ ನೆಪ ಆಗ್ಬೇಕಿತ್ತಾ?"

"ಬೇರೆ ಏನಂತ ಮಾಡ್ಲಿ? ಗ್ರೀಸ್ ಮೆತ್ತಿದ ಮನುಷ್ಯ ನಾನು. ನೀವು ಇಷ್ಟ ಅಂತ ಮಾಡ್ಲಾ?"

"ಮಾಡಿದ್ರೆ ಲಿಫ್ಟ್ ಬಿದ್ದುಹೋಗ್ತಿತ್ತಾ?"

ಅವರ ಕಣ್ಣು ತುಂಬಿತ್ತು. "ನಿಮ್ಮ ಕೆಂಪು ದೀಪ ನನ್ನ ತಪ್ಪು" ಎಂದರು. ನಾನು ಅಲ್ಲ ಎನ್ನಲಿಲ್ಲ. ವಾಸನೆ ಹೊಡೆಯುತ್ತಿದ್ದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ. ಅವರು ಮೆಲ್ಲಗೆ ಸೆರಗು ಸರಿಸಿ ಅದೇ ಬೆರಳುಗಳನ್ನು ಹಿಡಿದುಕೊಂಡರು.

ಸಿಸ್ಟರ್ ಜೋಡಿ ಹೇಗೂ ಬಿಡಿಸಿದರು. ಅವರಿಗೆ ಹೊಸಬರೊಬ್ಬರು ಬಂದರು. ನನಗೆ ಬ್ಯಾಂಡ್ ಅಂಕಲ್ ಸಿಕ್ಕರು, ಮೊದಲಿನಿಂದ ಶುರು. ಶಾಲೆಗೆ ಅವರೊಬ್ಬರೇ ಹೋದರು. ತಾವು ಹೇಳಿದ ಒಂದು ಸುಳ್ಳಿನಿಂದ ಬಿಟ್ಟವರೊಬ್ಬರು ಮತ್ತೆ ಸೇದಿದರೆಂದು, ಚಟ ಅಷ್ಟು ಹತ್ತಿರ ಕಾದಿರುತ್ತದೆಂದು ಮಕ್ಕಳಿಗೆ ಹೇಳಿದರಂತೆ. ನನ್ನ ಸುಳಿವು ಕೊಡಲಿಲ್ಲ. ಅಕ್ಕನಿಗೆ ನಾನೇ ಎಲ್ಲ ಹೇಳಿದೆ. "ನನಗೇನು ಮೂಗಿಲ್ಲ ಅಂದ್ಕೊಂಡ್ಯೇನೇ?" ಎಂದವಳು ನನ್ನ ತಲೆ ಸವರಿದಳು.

ಆಮೇಲೊಂದು ಮಧ್ಯಾಹ್ನ ಫೋನ್.

"ಆಸೆ ಆಯ್ತಾ?" ಎಂದೆ, ಅಭ್ಯಾಸಬಲದಿಂದ.

"ಇಲ್ಲ. ಸುಮ್ನೆ ಮಾಡ್ದೆ. ನೀವು ಇಷ್ಟ ಅಂತ."

ಈಗ ನನಗೂ ಹಸಿರೇ. ಬರುವ ಭಾನುವಾರ ಅವರು ಅಕ್ಕನ ಹತ್ತಿರ ಮಾತಾಡಲು ಬರುತ್ತಾರೆ. ಆ ಕೆಂಪು ದೀಪಕ್ಕೆ ತಾವೇ ಕಾರಣವೆಂದು ಇಂದಿಗೂ ನಂಬಿದ್ದಾರೆ. ನಾನೂ ಬಿಡಿಸಿ ಹೇಳಿಲ್ಲ. ಏಕೆಂದರೆ ಅವರು ಸೋತೆ ಎಂದಾಗ ನನಗಾದದ್ದು ಬರೀ ದುಃಖವೇ, ಅಥವಾ ಸದ್ಯ ನನಗೂ ಸೇದಲು ಒಂದು ನೆಪ ಸಿಕ್ಕಿತೆಂಬ ನಿರಾಳವೂ ಇತ್ತೇ? ಆ ಫೋನ್ ಬಾರದಿದ್ದರೆ ಅಂದು ನಾನು ಸೇದುತ್ತಿರಲಿಲ್ಲವೇ? ಎಷ್ಟು ಯೋಚಿಸಿದರೂ ನನಗೆ ಗೊತ್ತಾಗುತ್ತಿಲ್ಲ.